ವಾಡೆಯ ಹೊಸ್ತಿಲು

ಸುರಪುರದ ಈ ಹಳೆಯ ವಾಡೆ ಈಗ ಮದುವೆಗೆ ಬಾಡಿಗೆಗೆ ಸಿಗುತ್ತದೆ. ಅಂಗಳದಲ್ಲಿ ಧೂಳು ಹಿಡಿದು ಬಿದ್ದ ದಪ್ಪ ಮರದ ತೊಲೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದೆ. ಗಂಡಿನ ಊರು ದೂರವೆಂದು ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಶಾಸ್ತ್ರವೂ ಇಲ್ಲೇ. ಅಕ್ಕಿ ತುಂಬಿದ ಸೇರು ಇಡಲು ಬಗ್ಗಿದ ಗಂಡಿನ ತಾಯಿ ಹಾಗೇ ನಿಂತರು.

"ಬಾಗಲಕ್ಕ ಹೊಸ್ತಿಲಽ ಇಲ್ಲಲ್ರಿ?"

"ಡಿಜೆ ಗಾಡಿಗಿ ಅಡ್ಡ ಆಗತಿತ್ರಿ ಅಕ್ಕಾರ, ಕೊಯ್ಸಿ ತಗಸೀವಿ," ಎಂದ ವಾಡೆ ನೋಡಿಕೊಳ್ಳುವವ.

"ಹೊಸ್ತಿಲಿಲ್ಲದ ಬಾಗಲದಾಗ ನನ್ನ ಸೊಸಿ ಕಾಲಿಡಂಗಿಲ್ಲ. ಎಲ್ಲಿ ಒಗದೀರಿ ಅದನ್ನ?"

ಅವನು ನನ್ನತ್ತ ಕೈ ತೋರಿಸಿದ.

ಹೊಸ್ತಿಲ ಮೇಲೆ ಕೂಡಬಾರದೆಂದು ಅಜ್ಜಿಯಿಂದ ಬೈಸಿಕೊಂಡೇ ಬೆಳೆದವನು ನಾನು. ಚಹಾ ಅಲ್ಲೇ ಬಿಟ್ಟು, ಮೂವರೊಡನೆ ಅದನ್ನು ಹೊತ್ತು ತಂದು ಬಾಗಿಲಿಗೆ ಅಡ್ಡಲಾಗಿ ಇಟ್ಟೆ. ಮದುಮಗಳು ಸೇರು ಒದ್ದು ಒಳಹೋದಳು. ನನ್ನ ಬಿಳಿ ಧೋತರದ ಹಿಂದೆಲ್ಲ ಹಳೆಯ ಅರಿಶಿನ ಹತ್ತಿತ್ತು.