ಬಾಗಿಲ ಮೇಲೆ ಕುಳಿತ ಗಾಳಿ

ನಾನು ಸವಣೂರಿನಿಂದ ಹಿರೇಕೆರೂರಿಗೆ ಸೊಸೆಯಾಗಿ ಬಂದ ವರ್ಷವೇ ಮಾವನವರಿಗೆ ಬಿಸಿನೀರಿನ ಹುಚ್ಚು ಹಿಡಿದಿತ್ತು. ಹತ್ತಿ ವ್ಯಾಪಾರಕ್ಕೆ ಹುಬ್ಬಳ್ಳಿಗೆ ಹೋದಾಗ ಯಾವುದೋ ಬಂಗಲೆಯಲ್ಲಿ ಅಡುಗೆಯ ಒಲೆಯಿಂದಲೇ ಬಚ್ಚಲಿನ ನೀರು ಕಾಯುವುದನ್ನು ನೋಡಿ ಬಂದಿದ್ದರು. ಕಂಚಗಾರನನ್ನು ಕರೆಸಿ, ಬಚ್ಚಲ ಗೋಡೆಯ ಮೇಲೆ ಎತ್ತರದಲ್ಲಿ ತಾಮ್ರದ ಹಂಡೆ ಕೂಡಿಸಿದರು. ಅದರ ತಳದಿಂದ ಒಂದು ಕೊಳವೆ ಒಲೆಗೆ ಇಳಿಯುತ್ತಿತ್ತು. ಅಲ್ಲಿ ಕಾದ ನೀರು ಇನ್ನೊಂದು ಕೊಳವೆಯಲ್ಲಿ ಹಂಡೆಗೆ ಹಿಂದಿರುಗಬೇಕು. ಈ ಎರಡನೆಯದು ಅಡುಗೆಮನೆಯ ಬಾಗಿಲ ಮೇಲೆ ಗೂನಿನಂತೆ ಡೊಂಕಾಗಿ ಎದ್ದು, ಅದರಾಚೆ ತೊಲೆಯ ಕೆಳಗೆ ನುಸುಳಲು ತುಸು ಬಗ್ಗಿ, ಮತ್ತೆ ಮೇಲೇರುತ್ತಿತ್ತು.

ಮೊದಮೊದಲು ನೀರು ಚೆನ್ನಾಗಿ ಕಾಯಿತು. ಮಾವ ಓಣಿಯವರನ್ನೆಲ್ಲ ಕರೆದು ಕೈ ಅದ್ದಿಸಿದರು. ಆಮೇಲೆ ಹಂಡೆ ತಣ್ಣಗಾಯಿತು. ಒಲೆಯ ಹತ್ತಿರ ಮಾತ್ರ ಕೊಳವೆ ಗುಡುಗುಡು ಎನ್ನುತ್ತ, ನಡುನಡುವೆ ಯಾರೋ ಗುದ್ದಿದಂತೆ ಸದ್ದು ಮಾಡತೊಡಗಿತು.

"ಅದಕ್ಕ ಹೊಟ್ಟಿ ಉಬ್ಬೈತಿ. ಒಂದೀಟು ಅಜವಾನ ಹಾಕ್ರಿ," ಎಂದರು ಗಂಡನ ಅಜ್ಜಿ, ನಗದೆ.

ಮಾವ ಇನ್ನಷ್ಟು ಕಟ್ಟಿಗೆ ಒಟ್ಟಿದರು, ಗುದ್ದೂ ಜೋರಾಯಿತು. ಕೊಳವೆ ಬಿಚ್ಚಿ ತೊಳೆದು ಕೂಡಿಸಿದರು. ಸ್ವಲ್ಪ ಸರಿಹೋಗಿ ಮತ್ತೆ ಅದೇ ಪಾಡು.

ಅದು ಮಳೆಗಾಲ. ಬಿಸಿಲಿಲ್ಲದ್ದರಿಂದ ನಾನು ಒದ್ದೆ ಸೀರೆಯನ್ನು ಬಾಗಿಲ ಮೇಲೆ ಹಾಯುವ ಆ ಕೊಳವೆಯ ಉದ್ದಕ್ಕೂ ಹರವುತ್ತಿದ್ದೆ. ಒಲೆಯ ಕಡೆಯದು ಗರಿಗರಿಯಾಗಿ ಒಣಗುತ್ತಿತ್ತು, ಬಾಗಿಲಿನಾಚೆಯದು ಹಸಿಯಾಗಿಯೇ ಉಳಿಯುತ್ತಿತ್ತು. ಕುರ್ಚಿ ಹತ್ತಿ ಮುಟ್ಟಿದೆ. ಡೊಂಕಿನ ತನಕ ಬಿಸಿ, ಮುಂದೆ ತಣ್ಣಗೆ. ಆ ಡೊಂಕನ್ನು ಬೆರಳಿನಿಂದ ಬಡಿದರೆ ಬರಿಗೊಡದ ಸದ್ದು.

ಆಗ ನಮ್ಮಲ್ಲಿ ಸೊಸೆಯಂದಿರು ಮಾವನೊಡನೆ ನೇರ ಮಾತಾಡುತ್ತಿರಲಿಲ್ಲ. ಅವರು ಎದುರಿಗೇ ಕೂತಿದ್ದರೂ ಅತ್ತೆಯ ಕಿವಿಯಲ್ಲಿ ಹೇಳಿದೆ.

"ಬಾಗಲ ಮ್ಯಾಲಿನ ಡೊಂಕಿನಾಗ ಗಾಳಿ ಕುಂತೈತಂತ್ರಿ," ಎಂದರು ಅತ್ತೆ.

"ಎಲ್ಲಾ ಕಡೆ ಬಿಗಿ ಐತಲ್ಲ, ಗಾಳಿ ಎಲ್ಲಿಂದ ಬಂತು? ಕೇಳು ಆಕಿನ್ನ," ಎಂದರು ಮಾವ.

ನಾನು ಪಿಸುಗುಟ್ಟಿದೆ. ಅತ್ತೆ ದೊಡ್ಡದಾಗಿ ಹೇಳಿದರು: "ನೀರು ಕಾಯೋ ಮುಂದ ಗುಳ್ಳಿ ಏಳ್ತಾವಲ್ರಿ, ಅವು ಅಲ್ಲಿ ಹೋಗಿ ಸೇರ್ತಾವಂತ."

ಮಾವ ಒಲೆ ಆರಿಸಿದರು. ಕೊಳವೆ ತಣಿದ ಮೇಲೆ ಏಣಿ ಹತ್ತಿ, ಡೊಂಕಿನ ನೆತ್ತಿಯಲ್ಲಿ ಕೊಳವೆಯ ತುಂಡುಗಳನ್ನು ಕೂಡಿಸಿದ್ದ ತಿರುಪನ್ನು ಇಕ್ಕಳದಿಂದ ತುಸು ಸಡಿಲಿಸಿದರು. ಉಸ್ಸೆಂದು ಗಾಳಿ ಹೊರಟಿತು. ಇನ್ನೂ ಇದೆಯೇ ಎಂದು ಅವರು ಕಿವಿ ಹತ್ತಿರ ತಂದರು. ಅಷ್ಟರಲ್ಲಿ ನೀರು ಚಿಮ್ಮಿ ತಲೆಯ ರುಮಾಲು ತೊಯ್ದುಹೋಯಿತು. ಅಜ್ಜಿ ಬಿದ್ದು ಬಿದ್ದು ನಕ್ಕರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಏಣಿಯ ಮೇಲಿಂದಲೇ ಮಾವ ಕೇಳಿದರು: "ಇನ್ನ ಬಿಗಿ ಮಾಡ್ಲೇನು, ತಂಗಿ?"

ಕೇಳಿದ್ದು ನನ್ನನ್ನೇ, ಮಗಳನ್ನು ಕರೆಯುವಂತೆ. ಅತ್ತೆಯ ಕಡೆ ನೋಡಿದೆ. ಅವರು ನೀನೇ ಹೇಳೆಂದು ಕಣ್ಣಲ್ಲೇ ಸನ್ನೆ ಮಾಡಿದರು.

"ಮಾಡ್ರಿ. ಈಗ ಬರೇ ನೀರ ಬರಾಕತ್ತೈತಿ," ಎಂದೆ.

ಸಂಜೆಗೆ ಹಂಡೆ ಕಾಯಿತು. ಆಗಾಗ ಗಾಳಿ ಬಿಡಲೆಂದು ಕಂಚಗಾರ ಆ ಜಾಗಕ್ಕೊಂದು ಪುಟ್ಟ ನಲ್ಲಿ ಕೂಡಿಸಿದ. ಕೆಲವು ದಿನಗಳ ಮೇಲೆ ಶಿಗ್ಗಾಂವಿಯ ಬೀಗರೊಬ್ಬರು ತಮಗೂ ಇಂಥದೇ ಬೇಕೆಂದು ಬಂದರು. ಮಾವ ಉತ್ಸಾಹದಿಂದ ವಿವರಿಸುತ್ತ ಬಾಗಿಲ ತನಕ ಬಂದವರು ಅಲ್ಲೇ ನಿಂತು ಒಳಗೆ ಕೂಗಿದರು: "ತಂಗಿ, ಬಾ ಇಲ್ಲಿ. ಮುಂದಿಂದು ಇವರಿಗೆ ನೀನ ಹೇಳು."

ಅತ್ತೆ ನನ್ನ ಕೈಯಲ್ಲಿದ್ದ ಲಟ್ಟಣಿಗೆ ತಾವು ತೆಗೆದುಕೊಂಡು, ಹೋಗೆಂದು ತಲೆಯಾಡಿಸಿದರು.