ಖಡಕ್ ಮಾವನ ಕೈಗುಣ

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಟೀ ಅಂಗಡಿ ಇಟ್ಟಿದ್ದ ಮಹಾಶಯನನ್ನು ಸೊಸೆ ಮಾವ ಎಂದು ಕರೆಯುತ್ತಿದ್ದಳು. ಕೇಳಿ ಕೇಳಿ ಊರಿಗೆ ಊರೇ ಖಡಕ್ ಮಾವ ಎಂದಿತು. ಆ ಬಿರುದು ಪುಕ್ಕಟೆ ಬಂದದ್ದಲ್ಲ. ಅವನ ಟೀ ಒಂದು ಗುಟುಕು ಒಳಗೆ ಹೋದರೆ ತೂಕಡಿಸುವ ಡ್ರೈವರನ ಕಣ್ಣು ಅರಳುತ್ತಿತ್ತು. ಮಾತುಬಿಟ್ಟ ಗಂಡಹೆಂಡಿರು ಕಡೇಪಕ್ಷ ಜಗಳವನ್ನಾದರೂ ಆಡುತ್ತಿದ್ದರು.

"ಟೀಪುಡಿ ಎಲ್ಲರ ಹತ್ರಾನೂ ಇದೆ ಕಣ್ರೀ. ಕೈಗುಣ ಬೇಕಲ್ಲ!" ಎಂದು ಮಾವ ಬಲಮುಷ್ಟಿಯನ್ನು ವಿಜಯಧ್ವಜದಂತೆ ಎತ್ತುತ್ತಿದ್ದ. ಯುದ್ಧಕ್ರಮ ಸರಳ: ದೊಡ್ಡ ಅಲ್ಯುಮಿನಿಯಂ ಪಾತ್ರೆಗೆ ಒಳಗೆ ಕಾಣುವ ಹಿಡಿಕೆಯ ಮೊಳೆ ಮುಟ್ಟುವಷ್ಟು ಬೋರ್‌ವೆಲ್ ನೀರು, ಕುದಿ ಬಂದಾಗ ಒಂದು ಮುಷ್ಟಿ ಪುಡಿ. ಪುಡಿ ಡಬ್ಬಿಗೆ ಬೇರೆ ಯಾರೂ ಕೈಹಾಕುವಂತಿರಲಿಲ್ಲ. ಅಂಗಡಿಯ ಮಿಕ್ಕೆಲ್ಲ ಭಾರ ಹೊತ್ತ ಸೊಸೆಯೂ ಅಷ್ಟೆ.

ಇನ್ನು ಆ ಪಾತ್ರೆ. ಹೊರಗೆ ಕಾಡಿಗೆ ಕಪ್ಪು. ಒಳಗೆ ಗಡಸು ನೀರು ವರ್ಷಾನುಗಟ್ಟಲೆ ಕುದಿದು ಗೋಡೆಗೆ ಗಾರೆ ಮೆತ್ತಿದಂತೆ ಬೆರಳು ದಪ್ಪದ ಕಂದು ಪದರ ಕಟ್ಟಿತ್ತು. ಸೊಸೆ ಉಜ್ಜಲು ಹೋದಾಗಲೆಲ್ಲ ಮಾವ, "ಬಿಡಮ್ಮ, ವಯಸ್ಸಾದವರನ್ನ ಕೆರೀಬಾರದು" ಎನ್ನುತ್ತಿದ್ದ. ಕೊನೆಗೊಂದು ದಿನ ಪಕ್ಕದಂಗಡಿಯ ಕ್ಷೌರಿಕನ ಲೋಟದಲ್ಲಿ ಆ ಪದರದ ಚಕ್ಕೆ ಸಿಕ್ಕಿತು.

"ಮಾವ, ಟೀ ಜೊತೆ ಮನೆ ಕಟ್ಟೋ ಸಾಮಾನೂ ಕೊಡ್ತೀರಾ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಸೊಸೆಗೆ. ಮಾವ ಹುಳುಕು ಹಲ್ಲು ಕೀಳಿಸಲು ಹೋದ ಮಧ್ಯಾಹ್ನ ಅವಳು ಕೋಟೆಗೆ ಲಗ್ಗೆ ಹಾಕಿದಳು. ನಿಂಬೆಹೋಳು, ವಿನೆಗರ್ ಹಾಕಿ ಕುದಿಸಿ, ಮರದ ಸೌಟಿನಿಂದ ಮೀಟಿದಳು. ಪದರ ಚಕ್ಕೆಚಕ್ಕೆಯಾಗಿ ಉದುರಿತು. ಶಭಾಷ್ ಗಿಟ್ಟಿಸಲೆಂದು ಅದನ್ನೆಲ್ಲ ಹಳೇ ಪತ್ರಿಕೆಯಲ್ಲಿ ಕಟ್ಟಿಟ್ಟಳು.

ಮರುದಿನ ಬೆಳಿಗ್ಗೆ ಊದಿದ ಕೆನ್ನೆಯ ಮಾವ ಬೆರಗಾದ. "ಹೊಸಾ ಪಾತ್ರೆ ತಂದ್ಯೇನಮ್ಮ?"

"ಇಲ್ಲ ಮಾವ, ಹಳೇದಕ್ಕೇ ಸ್ನಾನ ಮಾಡಿಸ್ದೆ."

ಮಾವ ಅರ್ಧ ಬಾಯಲ್ಲೇ ನಕ್ಕು ಮೊಳೆಯವರೆಗೆ ನೀರು ತುಂಬಿದ, ಮುಷ್ಟಿ ಪುಡಿ ಸುರಿದ. ಕ್ಷೌರಿಕ ಒಂದು ಗುಟುಕು ಕುಡಿದು ಲೋಟದೊಳಗೆ ಇಣುಕಿದ.

"ಇದು ಟೀನೋ, ಹಾಲಿಗೆ ಟೀ ಕಥೆ ಹೇಳಿದ್ದೋ?"

ಇನ್ನೊಮ್ಮೆ ಕಾಯಿಸಿದರೂ ಅದೇ ಕಥೆ. ಮಾವ ಹಾಲನ್ನು ಬೈದ, ಒಲೆಯನ್ನು ಬೈದ.

"ಕುಣಿಯೋಕೆ ಬಾರದವನಿಗೆ ನೆಲ ಡೊಂಕಂತೆ! ಹಲ್ಲಿನ ಜೊತೆ ಕೈಗುಣಾನೂ ಕಿತ್ಕೊಂಡ್ರಾ ಹೇಗೆ?" ಎಂದ ಕ್ಷೌರಿಕ.

ಅಂಗಡಿಯೆಲ್ಲ ನಕ್ಕಿತು. ಮಾವ ಸ್ಟೂಲಿನ ಮೇಲೆ ಕುಸಿದು, ಕಳೆದುಕೊಂಡದ್ದನ್ನು ಹುಡುಕುವವನಂತೆ ಮುಷ್ಟಿಯನ್ನು ಬಿಚ್ಚಿ ಮುಚ್ಚಿ ನೋಡಿದ. "ಬಾಗಿಲು ಹಾಕಿಬಿಡೋಣ ಕಣಮ್ಮ. ಗುಣ ಹೋದ ಕೈಯಲ್ಲಿ ಟೀ ಮಾಡಿದ್ರೆ ಬಿಸಿನೀರು ಮಾರಿದ ಹಾಗೆ."

ಸೊಸೆ ಲೋಟಗಳಿಗೆ ಟೀ ಸುರಿಯುತ್ತಿದ್ದಳು. ದಿನಾ ಒಂದು ಟ್ರೇ ತುಂಬುವಷ್ಟರಲ್ಲಿ ಪಾತ್ರೆ ಬರಿದಾಗುತ್ತಿತ್ತು. ಇವತ್ತು ಟ್ರೇ ತುಂಬಿದರೂ ಪಾತ್ರೆಯಲ್ಲಿ ಟೀ ಕುಲುಕಾಡುತ್ತಿದೆ! ಅವಳು ಕಿಸಕ್ಕನೆ ನಕ್ಕು, ಒಳಗೆ ಓಡಿ, ಪತ್ರಿಕೆಯ ಪೊಟ್ಟಣ ತಂದು ಮಾವನ ತೊಡೆಯ ಮೇಲಿಟ್ಟಳು.

"ತಗೊಳ್ಳಿ, ನಿಮ್ಮ ಕೈಗುಣ."

ಮಾವ ಪಿಳಿಪಿಳಿ ನೋಡಿದ.

"ಇಷ್ಟೂ ಪಾತ್ರೆ ಒಳಗೆ ಕೂತಿತ್ತು ಮಾವ. ಮೊಳೆವರೆಗೂ ತುಂಬಿದ್ರೂ ನೀರು ಕಮ್ಮೀನೇ ಹಿಡೀತಿತ್ತು. ಈಗ ಅದರ ಹೊಟ್ಟೆ ದೊಡ್ಡದಾಗಿದೆ, ನಿಮ್ಮ ಮುಷ್ಟಿ ಅಷ್ಟೇ ಇದೆ."

"ಅಯ್ಯೋ! ಇಷ್ಟು ವರ್ಷ ನಾನು ಹೊಗಳಿದ್ದು ಈ ಗಾರೇನಾ?" ಎಂದು ಕ್ಷೌರಿಕ ಹಣೆ ಚಚ್ಚಿಕೊಂಡ.

ಮಾವನ ಮುಖ ಒಮ್ಮೆ ಹುಳ್ಳಗಾಯಿತು. ಆಮೇಲೆ ಎಲ್ಲಿಂದಲೋ ನಗು ಉಕ್ಕಿತು. ವಸಡು ನೋಯುತ್ತದೆಂದು ಕೆನ್ನೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಹೊಸ ನೀರು ಕುದಿಗೆ ಬಂದಾಗ ತನ್ನ ಮುಷ್ಟಿ ಪುಡಿ ಹಾಕಿದ. ತನ್ನದೇ ಇನ್ನೊಂದು ಹಾಕಿದರೆ ಕಹಿಯಾದೀತು. ಸೊಸೆಯ ಪುಟ್ಟ ಮುಷ್ಟಿಯನ್ನು ಒಂದು ಗಳಿಗೆ ನೋಡಿ, ಯಾರಿಗೂ ಕೊಡದ ಡಬ್ಬಿಯನ್ನು ಅವಳ ಮುಂದೆ ಹಿಡಿದ.

"ಹಾಕಮ್ಮ."

ಕ್ಷೌರಿಕ ಕುಡಿದ. ಹುಬ್ಬು ಹಣೆ ದಾಟಿತು. "ಬಂತು! ಕೈಗುಣ ವಾಪಸ್ ಬಂತು!"

"ಯಾರ ಕೈಯದ್ದು ಮಾವ?" ಎಂದು ಸೊಸೆ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

ಬೆಳಗಿನಿಂದ ಬಾಯಿಗೆ ಬಿಡುವೇ ಕೊಡದಿದ್ದ ಮಾವ ತಟ್ಟನೆ ಕೆನ್ನೆ ಒತ್ತಿಹಿಡಿದ. "ಡಾಕ್ಟರು ಜಾಸ್ತಿ ಮಾತಾಡಬೇಡಿ ಅಂದಿದ್ದಾರೆ ಕಣಮ್ಮ."