ಗೋಣಿತಟ್ಟು ಒಣಗುವ ತನಕ

ರಾಯಚೂರಿನ ಬಸ್ ನಿಲ್ದಾಣದ ಎದುರಿಗೆ ಕಬ್ಬಿನ ಹಾಲಿನ ಗಾಡಿಯೊಂದು ನಿಲ್ಲುತ್ತದೆ. ಹೋದ ಶನಿವಾರ ಮಧ್ಯಾಹ್ನ ಅಲ್ಲಿ ನೆರಳಿಗೆಂದು ನಿಂತಿದ್ದೆ. ಕುಡಿಯುವ ಮನಸ್ಸೇನೂ ಇರಲಿಲ್ಲ, ಬಿಸಿಲು ಆ ಪರಿ ಇತ್ತು. ಗಾಡಿಯವನು ಮಂಜುಗಡ್ಡೆಯ ಮೇಲೆ ಹೊದಿಸಿದ್ದ ಹಸಿ ಗೋಣಿತಟ್ಟನ್ನು ಎತ್ತಿ ಬದಿಗಿಟ್ಟ. ಅದರ ವಾಸನೆ ಬಂತು ನೋಡಿ, ನಾನು ನಿಂತಲ್ಲೇ ನಿಂತುಬಿಟ್ಟೆ. ನೀವು ಹಸಿ ಗೋಣಿಯನ್ನು ಎಂದಾದರೂ ಗಮನವಿಟ್ಟು ಮೂಸಿದ್ದೀರೋ ಇಲ್ಲವೋ ಗೊತ್ತಿಲ್ಲ. ಪರಿಮಳವಂತೂ ಅಲ್ಲ. ಸ್ವಲ್ಪ ನಾರು, ಸ್ವಲ್ಪ ಧೂಳು, ಸ್ವಲ್ಪ ಹಳೆಯ ಭತ್ತ. ನನಗೆ ಮಾತ್ರ ಅದು ನಮ್ಮ ನೀಲಕ್ಕನ ವಾಸನೆ. ಇದನ್ನು ಅವಳೆದುರು ಅಂದಿದ್ದರೆ, "ಲೇ, ನಾ ದಿನಾ ಸಾಬೂನು ಹಚ್ಚೇ ಜಳಕಾ ಮಾಡ್ತೀನಿ" ಅನ್ನುತ್ತಿದ್ದಳು.

ಅಕ್ಕ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಮಾನ್ವಿಯಲ್ಲಿ ಹೆಣ್ಣುಮಕ್ಕಳಿಗೆ ಕರಾಟೆ ಕಲಿಸುತ್ತಿದ್ದಳು. ಮದುವೆಯಾಗಲಿಲ್ಲ. ಕೇಳಿದವರಿಗೆ, "ಒದಿಕಿ ಬಿದ್ದೀತು ಅಂತ ಯಾರೂ ಬರವಲ್ರು" ಎಂದು ಹೇಳಿ ತಾನೇ ನಗುತ್ತಿದ್ದಳು. ನಾನು ರಾಯಚೂರಿನಲ್ಲಿ ಸಂಸಾರ ಹೂಡಿ, ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಅವಳ ಹುಡುಗಿಯರ ಬಿಳಿ ಡ್ರೆಸ್ಸುಗಳನ್ನೆಲ್ಲ ಮಾಂಜರಪಾಟ ಬಟ್ಟೆಯಲ್ಲಿ ನಾನೇ ಹೊಲಿದುಕೊಡುತ್ತಿದ್ದೆ.

ಆ ಶನಿವಾರ ಬೆಳಿಗ್ಗೆ ಅವಳ ದೊಡ್ಡ ಶಿಷ್ಯೆ ರೇಣುಕಾ ಫೋನು ಮಾಡಿದ್ದಳು. ಅಕ್ಕ ಹಾಸಿಗೆ ಹಿಡಿದಾಗಿನಿಂದ ಕ್ಲಾಸು ನಿಂತಿತ್ತು.

"ಅಕ್ಕಾರ, ಮಿಲ್ಲಿನ ಸಾಹುಕಾರ್ರು ಕೇಳಾಕತ್ಯಾರ. ಐತವಾರ ಕಣ ಬೇಕೋ ಬ್ಯಾಡೋ ಹೇಳ್ರಿ, ಬ್ಯಾಡಂದ್ರ ಲಾರಿ ನಿಂದರಸ್ತೀವಿ ಅಂತಾರ."

"ನೀನ ನಡಸವ್ವ. ನಿನಗ ಎಲ್ಲಾ ಬರ್ತದಲ್ಲ."

"ಹೊಡಿಯೂದು, ಒದಿಯೂದು ನಾ ಕಲಸ್ತೀನ್ರಿ. ಕುಂದರಸೂದು ನನ್ನ ಕೈಲಿ ಆಗವಲ್ದು. ಹುಡಿಗ್ಯಾರು ನಗ್ತಾರ, ಅವರನ್ನ ನೋಡಿ ನನಗೂ ನಗಿ ಬರ್ತದ. ಮುಂದ ದೊಡ್ಡೋರು ಕುಂತ್ರ ಸುಮ್ಕಾಗ್ತಾರ. ನೀವು ಬರ್ರಿ."

"ನಾನಾ? ನಾ ಬರೀ ಡ್ರೆಸ್ ಹೊಲಿಯಾಕಿ ಬೇ. ವಿಚಾರ ಮಾಡ್ತೀನಿ" ಎಂದು ಫೋನಿಟ್ಟೆ. ನಮ್ಮ ಮನೆತನದಲ್ಲಿ ವಿಚಾರ ಮಾಡುತ್ತೇನೆ ಎಂದರೆ ಇಲ್ಲ ಎಂದೇ ಅರ್ಥ.

ಈ 'ಕುಂದರಸೂದು' ಏನೆಂದು ನಿಮಗೆ ಹೇಳಬೇಕು. ನಮ್ಮಪ್ಪ ಮಾನ್ವಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ಭಾನುವಾರ ಮಿಲ್ಲಿಗೆ ಸೂಟಿ. ಅಂದು ಭತ್ತ ಒಣಗಿಸುವ ಸಿಮೆಂಟಿನ ಕಣ ಖಾಲಿ ಬಿದ್ದಿರುತ್ತಿತ್ತು. ಅಕ್ಕ ಸಾಹುಕಾರರನ್ನು ಕೇಳಿ ಅಲ್ಲಿಯೇ ಕ್ಲಾಸು ಶುರು ಮಾಡಿದಳು. ಆ ಕಣದ ಸಿಮೆಂಟು ಬೆಳ್ಳಂಬೆಳಿಗ್ಗೆಯೇ ಕಾಯುತ್ತದೆ, ಬರಿ ನೆಲಕ್ಕೆ ಕೂತರೆ ಚುರುಕ್ ಅನ್ನುತ್ತದೆ. ಅದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಹರಕು ಗೋಣಿತಟ್ಟು. ತೊಟ್ಟಿಯಲ್ಲಿ ಅದ್ದಿ, ಹಾಸಿ, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕಣ್ಣು ಮುಚ್ಚಬೇಕು. ಎಷ್ಟು ಹೊತ್ತು? ತಟ್ಟು ಒಣಗುವ ತನಕ. ಯಾರದು ಒಣಗುತ್ತದೋ ಅವರು ಎದ್ದು ಕೈಕಾಲು ಬೀಸಲು ಶುರು ಮಾಡಬಹುದು. ಬೇಸಿಗೆಯಲ್ಲಿ ಧ್ಯಾನ ಗಿಡ್ಡ, ಚಳಿಗಾಲದಲ್ಲಿ ಉದ್ದ. ನಮ್ಮ ಹುಡುಗಿಯರಷ್ಟು ರಾಯಚೂರು ಜಿಲ್ಲೆಯ ಬಿಸಿಲನ್ನು ಪ್ರೀತಿಸಿದವರು ಇನ್ನೊಬ್ಬರಿಲ್ಲ.

ಅಕ್ಕ ಇದನ್ನು ಕಲಿತ ಬಗೆಯೇ ಬೇರೆ. ದೇವದುರ್ಗದ ಹಾಸ್ಟೆಲಿನಲ್ಲಿದ್ದಾಗ ಅಲ್ಲಿಯ ಡ್ರಿಲ್ ಮಾಸ್ತರರು ಹುಡುಗಿಯರಿಗೆ ಕರಾಟೆ ಕಲಿಸಿದರು. ಮೊದಲು ಕೂತು ಕಣ್ಣು ಮುಚ್ಚಬೇಕು, ಆಮೇಲೆ ಹೊಡೆತ, ಕೊನೆಗೆ ಮತ್ತೆ ಕಣ್ಣು ಮುಚ್ಚಬೇಕು ಎಂಬುದು ಅವರ ಕ್ರಮ. ಆದರೆ ಕಣ್ಣು ಮುಚ್ಚಿ ಕೂರಿಸುವುದು ಆ ಮಕ್ಕಳಿಗೆ ಗೊತ್ತಿದ್ದದ್ದು ಶಿಕ್ಷೆಯಾಗಿ ಮಾತ್ರ. ಮೊದಲ ದಿನ ಒಬ್ಬಳು, "ನಾ ಏನ್ ಮಾಡೀನ್ರಿ ಸರ್?" ಎಂದು ಅಳಲು ಶುರು ಮಾಡಿದಳಂತೆ. ಅವಳನ್ನು ನೋಡಿ ಉಳಿದವರೂ ಅತ್ತರು. ತಾನು ಅಳಲಿಲ್ಲ ಎಂದು ಅಕ್ಕ ಹೇಳುತ್ತಿದ್ದಳು. ನಾನು ನಂಬಿದ್ದೇನೆ ಎಂದು ಹೇಳಲಾರೆ.

ಸೂಟಿಗೆ ನಾವಿಬ್ಬರೂ ಕೃಷ್ಣಾ ನದಿ ದಂಡೆಯ ಗೂಗಲ್ ಎಂಬ ಹಳ್ಳಿಗೆ, ಅವ್ವನ ತವರಿಗೆ ಹೋಗುತ್ತಿದ್ದೆವು. ಅಲ್ಲಿ ಅಜ್ಜಿ ನಸುಕಿನಲ್ಲಿ ಕೃಷ್ಣೆಗೆ ಹೋಗಿ ಬಟ್ಟೆ ಒಗೆದು, ಅಲ್ಲಮಪ್ರಭುವಿನ ಗುಡಿಯ ಕೆಳಗಿನ ಬಂಡೆಯ ಮೇಲೆ ಸೀರೆ ಹರವಿ, ಅದರ ಪಕ್ಕ ಕೂರುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ. ಕಣ್ಣು ಅರ್ಧ ಮುಚ್ಚಿ ನೀರು ನೋಡುತ್ತಾ ಕೂತರೆ, ನಾವು ಸುತ್ತ ಕುಣಿದರೂ ಅವಳಿಗೆ ಅರಿವಿರುತ್ತಿರಲಿಲ್ಲ. ಹಾಸ್ಟೆಲಿನಿಂದ ಹೊಸದಾಗಿ ಬಂದಿದ್ದ ಅಕ್ಕ ಒಂದು ದಿನ ಭಕ್ತಿಯಿಂದ ಕೇಳಿದಳು: "ಯವ್ವಾ, ಧ್ಯಾನ ಮಾಡಾಕತ್ತೀ ಏನು?"

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಧ್ಯಾನ ಏನ್ ಬೇ? ಸೀರಿ ಒಣಗಬೇಕಲ್ಲ. ಬಿಟ್ಟು ಹೋದ್ರ ಆಡು ತಿಂತಾವ."

ನಾನು ಬಿದ್ದು ಬಿದ್ದು ನಕ್ಕೆ. ಅಕ್ಕ ನಗಲಿಲ್ಲ, ಅಜ್ಜಿಯ ಪಕ್ಕ ಹೋಗಿ ಕೂತಳು. ಆ ಸೂಟಿ ಮುಗಿಯುವವರೆಗೆ ದಿನವೂ ಕೂತಳು. ಮುಂದೆ ಎಷ್ಟೋ ವರ್ಷಗಳ ಮೇಲೆ ಕಣದಲ್ಲಿ ತಟ್ಟು ಹಾಸುವಾಗ ಹೇಳಿದಳು: "ಮಾಸ್ತರ್ರು ಗಡಿಯಾರ ನೋಡಿ ಕುಂದರಸ್ತಿದ್ರು. ನನ್ನ ಮನಸ್ಸೆಲ್ಲಾ ಗಡಿಯಾರದಾಗ ಇರ್ತಿತ್ತು. ಅಜ್ಜೀದು ಚಲೋ ಅದ. ಒಣಗೂದನ್ನ ಯಾರೂ ಅವಸರ ಮಾಡಾಕ ಬರಾಂಗಿಲ್ಲ."

ಬರುತ್ತದೆ. ಆಗ ನಾನೂ ಅವಳ ಕ್ಲಾಸಿಗೆ ಹೋಗುತ್ತಿದ್ದೆ, ಅದನ್ನು ಕಂಡುಹಿಡಿದವಳು ನಾನು. ತಟ್ಟನ್ನು ಅದ್ದಿದ ಮೇಲೆ ತೊಟ್ಟಿಯ ಹಿಂದೆ ಹೋಗಿ, ಮೊಣಕಾಲಿನ ನಡುವೆ ಇಟ್ಟು, ಬಟ್ಟೆ ಹಿಂಡಿದಂತೆ ಗಟ್ಟಿಯಾಗಿ ಹಿಂಡಿಬಿಟ್ಟರೆ ಅರ್ಧ ಕೆಲಸ ಮುಗಿದಂತೆಯೇ. ನಾನು ಕಣ್ಣು ಮುಚ್ಚಿದರೆ ಎದುರಿಗೆ ಮಿರ್ಚಿ ಭಜಿ ಬರುತ್ತಿತ್ತು, ಮಿರ್ಚಿ ಭಜಿಯ ಹಿಂದೆ ನಿದ್ದೆ ಬರುತ್ತಿತ್ತು. ಎಲ್ಲರಿಗಿಂತ ಮೊದಲು ಏಳುವವಳು ಸದಾ ನಾನೇ. ಎಲ್ಲರಿಗಿಂತ ಕೊನೆಗೆ ಏಳುವವಳು ಅಕ್ಕ. ಅವಳ ತಟ್ಟು ದಪ್ಪ ಇದ್ದೀತು ಎಂದು ನಾವು ಅಂದುಕೊಂಡಿದ್ದೆವು.

ಒಮ್ಮೆ ರಾಯಚೂರಿನಲ್ಲಿ ಪಂದ್ಯ ಇತ್ತು. ಎದುರಿನ ಹುಡುಗಿ ಬೇಕೆಂದೇ ನನ್ನ ಕಾಲು ತುಳಿದು, ಹಲ್ಲು ಕಿರಿದಳು. ನನಗೆ ಕಲಿತದ್ದೆಲ್ಲ ಮರೆತುಹೋಯಿತು. ಸೀದಾ ಹೋಗಿ ಅವಳ ಜಡೆ ಹಿಡಿದು ಜಗ್ಗಿದೆ. ನನ್ನನ್ನು ಹೊರಗೆ ಕಳಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ನಾನು ಅಂಜಿ ಮುದುಡಿದ್ದೆ. ಕಲ್ಮಲ ದಾಟಿದ ಮೇಲೆ ಅವಳ ಭುಜ ಅಲುಗಾಡುವುದು ಕಂಡಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

"ಜಡಿ ಜಗ್ಗೂದು ಯಾ ಕರಾಟೆದಾಗ ಅದ ಲೇ?"

"ಆಕಿ ಮೊದಲ ಕಾಲು ತುಳದ್ಲು."

"ತುಳದ್ಲು. ತುಳದ ಮ್ಯಾಲ ನೀ ಒಂದೀಟು ನಿಂತಿದ್ರ ಕೈ ತಾನ ನೆಟ್ಟಗ ಹೋಗ್ತಿತ್ತು. ಆ ಒಂದೀಟು ನಿಂದರೂದ ನಾವು ತಟ್ಟಿನ ಮ್ಯಾಲ ಕಲಿಯೂದು." ಆಮೇಲೆ ಮತ್ತೆ ಕಿಟಕಿಯ ಕಡೆ ತಿರುಗಿ ಹೇಳಿದಳು: "ನೀ ತಟ್ಟು ಹಿಂಡಿ ಕುಂದರತೀ ಅಂತ ನನಗ ಗೊತ್ತದ."

ಅವಳು ಬೈಯಲಿಲ್ಲ. ಮುಂದಿನ ಭಾನುವಾರವೂ ನಾನು ಹಿಂಡಿದೆ. ನನ್ನ ಸ್ವಭಾವ ಅದು.

ಇನ್ನೊಂದು ದಿನ ನೆನಪಾಗುತ್ತದೆ. ಶ್ರಾವಣದ ಜಿಟಿಜಿಟಿ. ಮಿಲ್ಲಿನ ತಗಡಿನ ಶೆಡ್ಡಿನೊಳಗೆ ಕೂತಿದ್ದೆವು. ಯಾರ ತಟ್ಟೂ ಒಣಗಲೊಲ್ಲದು, ನಾನು ಹಿಂಡಿದ್ದು ಸಹ. ಕೂತೇ ಕೂತೆವು. ಒಬ್ಬ ಹುಡುಗಿಯ ತಾಯಿ ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತು, "ಇವೇನು ಕಾವಿಗೆ ಕುಂತಾವೇನು ಕೋಳಿಗತೆ?" ಅಂದಳು. ಎಲ್ಲರೂ ನಕ್ಕರು. ಅಕ್ಕ ತನ್ನ ತಟ್ಟನ್ನು ಮುಟ್ಟಿ ನೋಡಿ ಎದ್ದಳು. "ಇವತ್ತು ಇದು ಒಣಗೂದಿಲ್ಲ. ಕೆಲವು ದಿನ ಒಣಗಾಂಗಿಲ್ಲ. ಹಸೀದನ್ನ ಮಡಚಿಟ್ಟು ಏಳಬೇಕು. ಏಳ್ರಿ."

ಕಡೆಯ ತಿಂಗಳುಗಳಲ್ಲಿ ಅಕ್ಕ ನನ್ನ ಮನೆಯಲ್ಲಿದ್ದಳು. ಹೊಟ್ಟೆಯಲ್ಲಿ ಗಡ್ಡೆ. ರಾಯಚೂರಿನ ಆಸ್ಪತ್ರೆ ಹತ್ತಿರ ಎಂದು ಕರೆದುಕೊಂಡು ಬಂದಿದ್ದೆ. ಗೋಡೆ ಹಿಡಿದು ನಡೆಯುವ ಹಾಗಾದಾಗ ಒಂದು ದಿನ, "ಒಂದು ಗೋಣಿತಟ್ಟು ಸಿಗತದೇನು ನೋಡು" ಅಂದಳು. ಓಣಿಯ ಕಿರಾಣಿ ಅಂಗಡಿಗಳನ್ನೆಲ್ಲ ಕೇಳಿದೆ. ಈಗ ಎಲ್ಲಾ ಪ್ಲಾಸ್ಟಿಕ್ ಚೀಲ. ಬರಿಗೈಲಿ ಬಂದು ಟವೆಲ್ಲನ್ನು ಒದ್ದೆ ಮಾಡಿ ಹಾಸಿಗೆಯ ಪಕ್ಕ ನೆಲಕ್ಕೆ ಹಾಸಿದೆ. ಅವಳನ್ನು ಹಿಡಿದು ಕೂರಿಸಿ ಬೆನ್ನಿಗೆ ದಿಂಬು ಕೊಟ್ಟೆ. ಕಣ್ಣು ಮುಚ್ಚಿದಳು. ನಾನು ಎದುರು ಕೂತು ಅವಳ ಮುಖವನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆಯದೆಯೇ ಕೇಳಿದಳು: "ಟವೆಲ್ ಹಿಂಡಿ ಹಾಸೀ?"

"ಹೂಂ. ನಿನಗ ತಂಡಿ ಆಗಬಾರದಂತ."

"ಸುಳ್ಳಿ" ಅಂದಳು. ತುಟಿಯ ಅಂಚಿನಲ್ಲಿ ನಗು ಇತ್ತು.

ಅವಳು ಹೋದ ಮೇಲೆ ಅಳು ಬಂದಾಗಲೆಲ್ಲ ನಾನು ಹೊಲಿಗೆ ಯಂತ್ರ ತುಳಿದಿದ್ದೇನೆ. ಸುಮ್ಮನೆ ಕೂತರೆ ಅವಳು ಬರುತ್ತಾಳೆ ಎಂಬ ಅಂಜಿಕೆ. ನನ್ನಿಂದ ಆಗುವುದಿಲ್ಲ ಎಂದು ರೇಣುಕಾಳಿಗೆ ಸೂಚಿಸಿದ್ದೂ ಅದಕ್ಕೇ. ಆ ಹುಡುಗಿಯರ ಎದುರು ಅಕ್ಕನ ಜಾಗದಲ್ಲಿ ಕಣ್ಣು ಮುಚ್ಚಿದರೆ ನಾನು ಒಡೆದುಹೋಗುತ್ತೇನೆ ಎಂದು ನನಗೆ ಖಾತ್ರಿಯಿತ್ತು. ಅಕ್ಕ ಕಟ್ಟಿದ್ದು ನನ್ನಿಂದ ಮುಚ್ಚಿಹೋದರೂ ಹೋಗಲಿ, ಅಲ್ಲಿ ಕೂರಲಾರೆ ಎನ್ನುವಷ್ಟು ಅಂಜಿದ್ದೆ.

ಕಬ್ಬಿನ ಹಾಲಿನವನು ನನ್ನನ್ನು ಆಗಿನಿಂದ ನೋಡುತ್ತಿದ್ದ. "ಹಾಲು ಕೊಡಲೇನ್ರಿ?" ಅಂದ.

"ಆ ತಟ್ಟು ಎಲ್ಲಿ ಸಿಗತದಪ್ಪ?"

"ಇದಾ? ಐಸ್ ಫ್ಯಾಕ್ಟರಿಯವರು ಕೊಡ್ತಾರ್ರಿ. ಯಾಕ್ರಿ, ನೀವೂ ಗಾಡಿ ಹಾಕ್ತೀರೇನು?"

"ಇಲ್ಲಪ್ಪ. ಕುಂದರಾಕ ಬೇಕಾಗ್ಯಾದ."

ಅವನು ಗಾಡಿಯ ಕೆಳಗಿನಿಂದ ಒಂದು ಹಳೆಯದನ್ನು ತೆಗೆದು ಝಾಡಿಸಿ ಕೊಟ್ಟ. ಕಬ್ಬಿನ ಹಾಲು ಕುಡಿಯದೆ ಬರಲು ಮನಸ್ಸಾಗಲಿಲ್ಲ. ಕುಡಿದೆ. ಅಲ್ಲಿಂದಲೇ ರೇಣುಕಾಳಿಗೆ ಫೋನು ಮಾಡಿದೆ.

ಮರುದಿನ ಮೊದಲ ಬಸ್ಸಿಗೆ ಮಾನ್ವಿಗೆ ಹೋದೆ. ಕಣ ಹಾಗೇ ಇತ್ತು. ಹುಡುಗಿಯರು ನಾನು ಹೊಲಿದ ಬಿಳಿ ಡ್ರೆಸ್ಸಿನಲ್ಲಿ ಸಾಲು ನಿಂತಿದ್ದರು. ಕೆಲವರ ಪ್ಯಾಂಟುಗಳು ಗಿಡ್ಡ ಆಗಿದ್ದವು. ನಾನು ತೊಟ್ಟಿಯ ಹತ್ತಿರ ಹೋಗಿ ತಟ್ಟನ್ನು ಅದ್ದಿದೆ. ಹಳೆಯ ರೂಢಿಯಂತೆ ಕೈಗಳು ಹಿಂಡಲು ಹೋದವು. ನಿಂತೆ. ನೀರು ಸೋರುತ್ತಿದ್ದ ತಟ್ಟನ್ನು ಹಾಗೆಯೇ ತಂದು ಮುಂದೆ ಹಾಸಿ ಕೂತೆ. ಸೀರೆಯೆಲ್ಲ ತೊಯ್ದು ತಣ್ಣಗಾಯಿತು.

ಕಣ್ಣು ಮುಚ್ಚಿದೆ. ಎಲ್ಲೋ ಬಸ್ಸಿನ ಹಾರ್ನು, ಶೆಡ್ಡಿನ ತಗಡಿನ ಮೇಲೆ ಪಾರಿವಾಳ. ಹಿಂದಿನಿಂದ ಯಾರದೋ ಕಿಸಕ್ ಎಂಬ ನಗು, ಆಮೇಲೆ ಅದೂ ಇಲ್ಲ. ಅಕ್ಕ ಬಂದಳು. ಅಂಜಿದ್ದ ಹಾಗೆಯೇ ಬಂದಳು, ಕಣ್ಣಿಂದ ನೀರೂ ಇಳಿಯಿತು. ನಾನು ಒಡೆಯಲಿಲ್ಲ. ಒರೆಸಿಕೊಳ್ಳಲೂ ಇಲ್ಲ. ನೀರು ಇಳಿಯುತ್ತಿತ್ತು, ನಾನು ಕೂತಿದ್ದೆ, ಅಷ್ಟೆ.

ಒಬ್ಬೊಬ್ಬರೇ ಏಳುವ ಸಪ್ಪಳವಾಯಿತು. ಕೈ ಬೀಸುವ ಗಾಳಿಯ ಸದ್ದು, ರೇಣುಕಾಳ ಗದರಿಕೆ. ಕಡೆಗೆ ಒಂದು ಚಿಕ್ಕ ದನಿ ನನ್ನ ಕಿವಿಯ ಹತ್ತಿರ ಬಂತು.

"ಅಕ್ಕಾರ, ನಮ್ಮೆಲ್ಲಾರ್ದೂ ಒಣಗ್ಯಾವ್ರಿ. ನಿಮ್ದಿನ್ನೂ ಒಣಗಿಲ್ಲೇನ್ರಿ?"

ಮುಟ್ಟಿ ನೋಡಿದೆ. ಅಂಚು ಒಣಗಿತ್ತು, ನಡುವೆ ಇನ್ನೂ ಹಸಿ ಇತ್ತು.

"ನೀ ಹೋಗವ್ವ, ಆಡು" ಅಂದೆ. "ನಂದು ತಡಾ ಆಗ್ತದ."